ಹಬೆಯಲ್ಲಿ ಉಪ್ಪು ನೋಡುವವ

ಮನೆ ಮಠ ಬಿಟ್ಟು ಕಡಲ ದಡದಲ್ಲಿ ಗುಡಾರದೊಳಗೆ ಮಲಗುವುದನ್ನು ರಜೆ ಅನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮಗಳು ತೃಷಾ ನಮ್ಮನ್ನು ಕೇಳದೆ ಎರಡು ದಿನಕ್ಕೆ ಜಾಗ ಹಿಡಿದಿದ್ದಳು. ಮಹಾಬಲಿಪುರ ದಾಟಿ ಅರ್ಧ ಗಂಟೆ. ಗಾಳಿಮರದ ತೋಪು, ಅದರಾಚೆ ಕರಿ ಬಂಡೆಗಳು, ಬಂಡೆಗೆ ತಲೆ ಚಚ್ಚಿಕೊಳ್ಳುವ ಕಡಲು.

"ಟೆಂಟಂತೆ! ತಲೆ ಕೆಟ್ಟಿದಾ ನಿಂಗೆ? ಮೆಸ್ಸು ಯಾರು ನೋಡುದು?" ಎಂದೆ.

"ಮೆಸ್ಸಿನ ರಮೇಶಣ್ಣ ಪಾತ್ಕುವಾರು, ನೋಡ್ಕೊಳ್ತಾರೆ. ಅಪ್ಪಾ, ಅಮ್ಮ ಸೋಮವಾರಕ್ಕೆ ಮಂಗಳೂರು ಟ್ರೇನಿಗೆ ಟಿಕೆಟ್ ಮಾಡ್ಸಿದಾಳೆ. ವಾಪಸ್ ಬರೋಕೆ ಟಿಕೆಟ್ ಇಲ್ಲ. ತೆರಿಯುಮಾ ಉಂಗಳುಕ್ಕು?" ಎಂದಳು, ಕನ್ನಡಕ್ಕೆ ತಮಿಳು ಬೆರೆಸಿ.

ನನಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಹೆಂಡತಿ ಕಲಾವತಿ ನನ್ನೊಡನೆ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು.

ತಪ್ಪು ನನ್ನದೇ, ಆದರೆ ಆಗ ಹಾಗನ್ನಿಸಿರಲಿಲ್ಲ. ತ್ರಿಪ್ಲಿಕೇನಿನಲ್ಲಿ ನಮ್ಮ ಮೆಸ್ಸು ಇಪ್ಪತ್ತಾರು ವರ್ಷದ್ದು. ನಾನು ಅಡಿಗೆ ಕಲಿತದ್ದು ಬ್ರಹ್ಮಾವರದ ದೊಡ್ಡಪ್ಪನ ಕೈಕೆಳಗೆ. ನಮ್ಮಲ್ಲಿ ಒಲೆಯ ಮೇಲಿರುವುದನ್ನು ಬಾಯಿಗೆ ಹಾಕಿ ರುಚಿ ನೋಡುವ ಹಾಗಿಲ್ಲ. ಹಾಕಿದರೆ ಪಾತ್ರೆಯೆಲ್ಲ ಎಂಜಲು. ಮೂಗಿನಿಂದಲೇ ನೋಡಬೇಕು. ಉಪ್ಪು ಬಿದ್ದ ಸಾಂಬಾರಿನ ಹಬೆಯೇ ಬೇರೆ, ಬೀಳದ್ದರ ಹಬೆಯೇ ಬೇರೆ. ನೂರು ಜನರ ಸಾಂಬಾರಿಗೆ ಉಪ್ಪು ಸಾಕೇ ಸಾಲದೇ ಎಂದು ಮುಚ್ಚಳ ಎತ್ತಿ ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ.

ಕೊರೊನಾ ಬಂದು ಹೋದ ಮೇಲೆ ನನ್ನ ಮೂಗು ಸತ್ತಿತು. ಇಂಗಿಲ್ಲ, ಕರಿಬೇವಿಲ್ಲ, ಸೀದದ್ದೂ ಗೊತ್ತಾಗುವುದಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ. ಮೂಗಿಲ್ಲದ ಭಟ್ಟನ ಮೆಸ್ಸಿಗೆ ಯಾರು ಬರುತ್ತಾರೆ? ಕೈ ಅಳತೆಯಲ್ಲಿ ಹಾಕುತ್ತಿದ್ದೆ, ಮುಚ್ಚಳ ಎತ್ತಿ ಮೂಗು ಒಡ್ಡುವ ನಾಟಕವನ್ನು ಮಾತ್ರ ಬಿಡಲಿಲ್ಲ.

ಹನ್ನೊಂದು ದಿನದ ಹಿಂದೆ ನಾನು ತರಕಾರಿಯವನ ಹತ್ತಿರ ಜಗಳ ಮುಗಿಸಿ ಒಳಗೆ ಬಂದರೆ ಕಲಾವತಿ ಸಾಂಬಾರಿನ ಸೌಟನ್ನು ಅಂಗೈಗೆ ಬಗ್ಗಿಸಿ ನೆಕ್ಕಿ, ಪಾತ್ರೆಗೆ ಒಂದು ಹಿಡಿ ಉಪ್ಪು ಹಾಕುತ್ತಿದ್ದಳು. ನನಗೆ ಉರಿದುಹೋಯಿತು. "ಎಂಜಲು ಮಾಡಿದೆಯಾ? ನಿನ್ನನ್ನು ಒಲೆ ಹತ್ತಿರ ಕರೆದವರು ಯಾರು? ಹೋಗು ಆಚೆ!" ಊಟಕ್ಕೆ ಕೂತ ಮೂವತ್ತು ಮಂದಿ ತಲೆ ಎತ್ತಿ ನೋಡಿದರು. ಅವಳು ಸೌಟು ಇಟ್ಟಳು, ಕೈ ತೊಳೆದಳು, ಮೆಟ್ಟಿಲು ಹತ್ತಿ ಮನೆಗೆ ಹೋದಳು. ಮತ್ತೆ ಕೆಳಗೆ ಇಳಿಯಲಿಲ್ಲ.

ಮಾರನೆಯ ದಿನದಿಂದ ಗಿರಾಕಿಗಳು ಉಪ್ಪಿನ ಡಬ್ಬಿ ಕೇಳತೊಡಗಿದರು. ನಾನು ಹಾಳು ಉಪ್ಪು ತಂದಿದ್ದೀಯೆಂದು ರಮೇಶನ ಮೇಲೆ ಹಾರಾಡಿದೆ.

ಮಗಳ ಮಾತಿಗೆ ಕಟ್ಟುಬಿದ್ದು ಶನಿವಾರ ಮಧ್ಯಾಹ್ನ ನಾವಿಬ್ಬರೇ ಕಡಲಿಗೆ ತಲುಪಿದೆವು. ಗುಡಾರದ ಗೂಟ ಮರಳಿನಲ್ಲಿ ನಿಲ್ಲಲೊಲ್ಲದು. ಮೂರು ಸಲ ಕಿತ್ತುಬಂತು. ಗೂಟಕ್ಕೂ ಬೈದೆ, ಗಾಳಿಗೂ ಬೈದೆ. ಕೊನೆಗೆ ಪಕ್ಕದ ಗುಡಾರದ ಹುಡುಗ ಬಂದು ಹಗ್ಗವನ್ನು ಕಲ್ಲಿಗೆ ಬಿಗಿದು ಕೊಟ್ಟ. ಚರಣ್ ಅಂತೆ, ಹೆಂಡತಿ ನಮಿತಾ, ಮೈಸೂರಿನವರು. ಮದುವೆಯಾಗಿ ಆರು ತಿಂಗಳು, ಇಬ್ಬರಿಗೂ ನಮ್ಮೂರ ಗಿಂಡಿ ಕಡೆಯ ಕಂಪನಿಯಲ್ಲಿ ಕೆಲಸ.

"ನೀವು ಕನ್ನಡದವ್ರಾ ಅಂಕಲ್? ಗೂಟಕ್ಕೆ ಬೈದಿದ್ದು ಕೇಳಿ ಗೊತ್ತಾಯ್ತು," ಎಂದಳು ನಮಿತಾ.

ಕಲಾವತಿಯ ಮುಖದಲ್ಲಿ ಸಣ್ಣ ನಗು ಬಂದದ್ದನ್ನು ಕಂಡೆ. ನನಗಲ್ಲ, ಆ ಹುಡುಗಿಗೆ. ಆಮೇಲೆ ಹೋಗಿ ಬಂಡೆಯ ಮೇಲೆ ಕೂತಳು. ಅಲೆ ಒಡೆದು ಅವಳ ಸೀರೆಯಂಚಿಗೆ ಹಾರುತ್ತಿತ್ತು. ಎದ್ದು ಬಾ, ಕಾಲು ಜಾರೀತು ಎಂದು ಹೇಳಬೇಕೆನ್ನಿಸಿತು. ನಾನು ಹೇಳಿದರೆ ಅದೂ ಗದರಿದ ಹಾಗೇ ಕೇಳುತ್ತದೆ. ಚೀಲ ಬಿಚ್ಚಿ ಪಾತ್ರೆ ಹೊರಗಿಟ್ಟೆ.

ಮಾತಿಗಿಂತ ಕೈ ಮೇಲು ಎಂದು, ಕತ್ತಲೆಗೆ ಮುಂಚೆ ಸ್ಟವ್ ಹಚ್ಚಿದೆ. ಅವಳಿಗೆ ನನ್ನ ಕೈಯ ಉಪ್ಪಿಟ್ಟು ಇಷ್ಟ. ಆದರೆ ಇಬ್ಬರಿಗೆ ಎಷ್ಟು ರವೆ? ಐವತ್ತು ಜನರಿಗೆ ಕೇಳಿ, ಕಣ್ಣು ಮುಚ್ಚಿ ಹಾಕುತ್ತೇನೆ. ಇಬ್ಬರಿಗೆ ಮಾಡಿ ಗೊತ್ತೇ ಇಲ್ಲ. ಇಷ್ಟು ವರ್ಷದಲ್ಲಿ ನಾವಿಬ್ಬರೇ ಕೂತು ಉಂಡದ್ದು ಯಾವಾಗ? ಕೈ ತಡೆಯದೆ ಎಂಟು ಜನರ ರವೆ ಹುರಿದಿಟ್ಟೆ. ಒಗ್ಗರಣೆ ಮಾಡಿ, ಹಿಂದೆ ಇದ್ದ ಬಿಳಿ ಕ್ಯಾನೆತ್ತಿ ನೀರು ಸುರಿದೆ.

ಕಲಾವತಿ ಬಂಡೆಯಿಂದ ಎದ್ದು ಓಡಿಬಂದಳು. "ಇವ್ರೇ, ಆ ನೀರು..."

ಹನ್ನೊಂದು ದಿನದ ನಂತರದ ಮೊದಲ ಮಾತು. ಅದಕ್ಕೆ ನಾನು ಕೊಟ್ಟ ಉತ್ತರ ಹೀಗಿತ್ತು: "ಇಲ್ಲಿಯೂ ಬಂದೆಯಾ? ಸುಮ್ಮನೆ ಕೂರುದಕ್ಕೆ ಆಗುದಿಲ್ವಾ?"

ಅವಳು ಬಾಯಿ ಮುಚ್ಚಿಕೊಂಡು ಕೂತಳು. ನೀರು ಕುದಿಯಿತು. ಉಪ್ಪು ಹಾಕಿದೆ, ಹಬೆಗೆ ಮೂಗು ಒಡ್ಡಿದೆ, "ಸರಿ ಉಂಟು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ರವೆ ಸುರಿದೆ. ಗಾಳಿಗೆ ಪಕ್ಕದವರ ಸ್ಟವ್ ಹತ್ತುತ್ತಿರಲಿಲ್ಲ, ನಮ್ಮಲ್ಲಿ ಎಂಟು ಜನರದ್ದಿತ್ತು. ಅವರನ್ನೂ ಕರೆದೆ. "ಬನ್ನಿ, ತ್ರಿಪ್ಲಿಕೇನಿನಲ್ಲಿ ಇದಕ್ಕೆ ಸಾಲು ನಿಲ್ತಾರೆ."

ಚರಣ್ ಮೊದಲ ತುತ್ತು ಬಾಯಿಗಿಟ್ಟು ಅಗಿಯುವುದನ್ನೇ ನಿಲ್ಲಿಸಿದ. ನಮಿತಾ ಕಷ್ಟಪಟ್ಟು ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಚೆನ್ನಾಗಿದೆ ಅಂಕಲ್," ಎಂದಳು. ಕಲಾವತಿ ಅವಳ ತಟ್ಟೆಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು.

ನಾನು ಒಂದು ತುತ್ತು ತಿಂದೆ. ಮೂಗು ಸತ್ತಿದ್ದರೂ ನಾಲಿಗೆ ಸತ್ತಿರಲಿಲ್ಲ. ಕಡಲನ್ನೇ ಬಾಯಿಗೆ ಹಾಕಿದ ಹಾಗಿತ್ತು. ಪಾತ್ರೆಯ ಮರಳು ತೊಳೆಯಲು ಅವಳು ತುಂಬಿಸಿಟ್ಟ ಕಡಲ ನೀರಿನ ಕ್ಯಾನು ಅದು.

"ನೋಡ್ತಾ ಇದ್ದೆಯಲ್ಲ, ಹೇಳಲಿಕ್ಕೆ ಆಗ್ಲಿಲ್ವಾ?" ಎಂದು ಕಿರುಚಿದೆ.

"ಹೇಳ್ಲಿಕ್ಕೆ ಬಂದೆ. ಹೇಳ್ಲಿಕ್ಕೆ ಬಿಟ್ರಾ?" ಅವಳ ಧ್ವನಿ ಏರಲಿಲ್ಲ. "ಆ ದಿನ ಮೂವತ್ತು ಜನರೆದುರು, ಇವತ್ತು ಈ ಮಕ್ಕಳೆದುರು. ನಿಮ್ಮ ಮೂಗು ಹೋಗಿ ನಾಲ್ಕು ವರ್ಷ ಆಯ್ತು. ಅಷ್ಟು ವರ್ಷದಿಂದ ನೀವು ಹಿತ್ತಿಲಿಗೆ ಹೋದ ಕೂಡ್ಲೇ ಉಪ್ಪು ನೋಡಿ ಸರಿ ಮಾಡುದು ನಾನು. ಗೊತ್ತುಂಟಾ?"

"ನಿಂಗೆ... ಯಾರು ಹೇಳಿದ್ದು?"

"ಹಾಲು ಸೀದು ಮನೆಯೆಲ್ಲ ವಾಸನೆ ತುಂಬಿದಾಗ ನೀವು ಪಕ್ಕದಲ್ಲೇ ಕೂತು ಪೇಪರ್ ಓದ್ತಾ ಇದ್ರಿ. ಯಾರಾದ್ರೂ ಹೇಳ್ಬೇಕಾ? ನೀವಾಗಿ ಹೇಳ್ಲಿ ಅಂತ ಕಾದೆ. ನನಗೆ ಎಂಜಲಿನ ಮಾತಿಗೆ ಬೇಜಾರಿಲ್ಲ. ನನ್ನತ್ರ ಸಹ ಹೇಳ್ಲಿಲ್ಲ ಅಲ್ವಾ, ಅದಕ್ಕೆ."

ಚರಣ್ ಹೆಂಡತಿಯ ಕೈ ಹಿಡಿದು ಮೆಲ್ಲಗೆ ಎದ್ದುಹೋದ. ಆ ರಾತ್ರಿ ಎರಡು ಗುಡಾರದಲ್ಲೂ ಬ್ರೆಡ್ಡೇ ಊಟ. ನಾನು ಉಪ್ಪಿಟ್ಟಿನ ಪಾತ್ರೆಯನ್ನು ಕಡಲಿಗೇ ಒಯ್ದು ತೊಳೆದು ತಂದೆ.

ಬೆಳಿಗ್ಗೆ ಕಡಲು ಇಳಿದು ಬಂಡೆಗಳು ಪಾಚಿ ಸಮೇತ ಎದ್ದು ನಿಂತಿದ್ದವು. ಕುಡಿಯುವ ನೀರಿನ ಕ್ಯಾನನ್ನು ನೋಡಿ, ಮತ್ತೊಮ್ಮೆ ನೋಡಿ, ಒಲೆ ಹಚ್ಚಿದೆ. ಆ ಇಬ್ಬರನ್ನೂ ಕರೆದೆ. "ಅಂಕಲ್, ನಮ್ಮತ್ರ ಬಿಸ್ಕೆಟ್ ಇದೆ," ಎಂದ ಚರಣ್.

"ಬಾ ಮಾರಾಯ. ಇವತ್ತು ಉಪ್ಪು ನಾನು ನೋಡುದಿಲ್ಲ."

ನೀರು ಕುದಿಯಿತು. ಉಪ್ಪು ಹಾಕಿದೆ. ಹಬೆಗೆ ಮುಖ ಒಡ್ಡಲಿಲ್ಲ. ಒಂದು ಸೌಟು ನೀರೆತ್ತಿ ಊದಿ ತಣಿಸಿ, ಕಲಾವತಿಯ ಮುಂದೆ ನಿಂತೆ. "ಕೈ ಹಿಡಿ. ಉಪ್ಪು ನೋಡು."

"ಎಂಜಲು?"

"ಆಗ್ಲಿ."

ಅವಳು ಅಂಗೈ ಒಡ್ಡಿದಳು. ನೆಕ್ಕಿ, "ಸರಿ ಉಂಟು," ಎಂದಳು.

ನಾನು ರಮೇಶನಿಗೆ ಫೋನ್ ಮಾಡಿದೆ. ಅವಳಿಗೂ ಆ ಮಕ್ಕಳಿಗೂ ಕೇಳುವ ಹಾಗೆ ಹೇಳಿದೆ. "ರಮೇಶಾ, ಉಪ್ಪಿನದ್ದೂ ತಪ್ಪಲ್ಲ, ನಿನ್ನದ್ದೂ ಅಲ್ಲ. ನನಗೆ ನಾಲ್ಕು ವರ್ಷದಿಂದ ವಾಸನೆ ಬರುದಿಲ್ಲ. ಆ ದಿನ ಅಮ್ಮನಿಗೆ ಬೈದದ್ದು ನನ್ನ ತಪ್ಪು. ಇನ್ನು ಅವಳು ರುಚಿ ನೋಡದೆ ಒಲೆಯಿಂದ ಪಾತ್ರೆ ಇಳಿಸಬಾರದು. ಎಲ್ಲರಿಗೂ ಹೇಳು."

ರಮೇಶ, "ಗೊತ್ತುಂಟು ಭಟ್ರೇ," ಎಂದ. ಅವನಿಗೂ ಗೊತ್ತಿತ್ತು!

ಫೋನಿಟ್ಟೆ. ಕಲಾವತಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಸೋಮವಾರ ಹೋಗುದು ಹೋಗುದೇ. ಅಣ್ಣನ ಮನೆಯಲ್ಲಿ ಹತ್ತು ದಿನ ಇದ್ದು ಬರ್ತೇನೆ. ವಾಪಸ್ ಟಿಕೆಟ್ ನೀವೇ ಮಾಡ್ಸಿ."

"ಹತ್ತು ದಿನ ಉಪ್ಪು ಯಾರು ನೋಡುದು?"

"ನಿಮಗೆ ನಾಲಿಗೆ ಇಲ್ವಾ? ಬೈಯುದಕ್ಕೆ ಮಾತ್ರವಾ ಅದು?"

ಅಡಿಗೆಗೆ ಇಳಿದ ಮೂವತ್ತು ವರ್ಷದಲ್ಲಿ ಮೊದಲ ಸಲ ಒಲೆಯ ಮೇಲಿದ್ದದ್ದನ್ನು ಅಂಗೈಗೆ ಬಗ್ಗಿಸಿಕೊಂಡು ನೆಕ್ಕಿದೆ. ಇನ್ನೊಂದು ಚಿಟಿಕೆ ಉಪ್ಪು ಬೇಕಿತ್ತು. ಅವಳು ಸರಿ ಉಂಟು ಎಂದಿದ್ದಳು.

ನಾನು ಉಪ್ಪಿನ ಡಬ್ಬಿ ಮುಚ್ಚಿಟ್ಟು ರವೆ ಸುರಿದೆ.