ನನ್ನ ಹೊಟ್ಟೆಯೊಳಗಿನ ಮದುವೆಗಳು

ನಾನು ಒಂದು ಕಂಪ್ಯೂಟರಿನ ಡಬ್ಬ. ಜನ ಸಿಪಿಯು ಎನ್ನುತ್ತಾರೆ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನನ್ನ ತಗಡಿಗೆ ಸ್ಕ್ರೂ ಬಿಗಿದು, ಒಂದು ಹಾರ್ಡ್ ಡಿಸ್ಕ್ ಕೂಡಿಸಿ ಜೀವ ಕೊಟ್ಟರು. ಅಲ್ಲಿಂದ ರಾಣೆಬೆನ್ನೂರಿಗೆ, ಗದಿಗೆಪ್ಪನ ಫೋಟೊ ಸ್ಟುಡಿಯೋಕ್ಕೆ ಬಂದೆ. ನನ್ನ ಜಾಗ ಮೇಜಿನ ಕೆಳಗೆ. ಹೀಗಾಗಿ ಮನುಷ್ಯರನ್ನು ನಾನು ಬಲ್ಲದ್ದು ಮೊಣಕಾಲಿನವರೆಗೆ ಮಾತ್ರ.

ಗದಿಗೆಪ್ಪ ಒಳ್ಳೆಯವನೇ. ಆದರೆ ಅವನಿಗೊಂದು ನಂಬಿಕೆ: ಮದುವೆಯ ವಿಡಿಯೋ ಅಳಿಸಿದರೆ ಆ ಸಂಸಾರಕ್ಕೆ ಕೇಡು. ಗಿರಾಕಿಗಳು ಕಾಪಿ ಒಯ್ದು ವರ್ಷಗಳಾದರೂ ಅವರ ಅಕ್ಷತೆ, ಊಟ, ಬೀಗರ ಜಗಳ ಎಲ್ಲ ನನ್ನೊಳಗೇ. ಜಾಗ ತುಂಬಿದರೆ ಇನ್ನೊಂದು ಡಿಸ್ಕ್ ತರುತ್ತಾನೆ. ಎರಡನೆಯದು ಹೇಗೋ ಹಿಡಿಸಿತು. ಮೂರನೆಯದಕ್ಕೆ ಸ್ಕ್ರೂ ಸಿಗಲಿಲ್ಲ, ಹೂ ಕಟ್ಟುವ ದಾರದಿಂದ ಬಿಗಿದ. ನಾಲ್ಕನೆಯದಕ್ಕೆ ಸಿಡಿ ಹಾಕುವ ಪೆಟ್ಟಿಗೆಯ ವೈರನ್ನೇ ಕಿತ್ತು ಕೊಟ್ಟ. ಕರೆಂಟು ಹಂಚುವ ಸಪ್ಲೈ ಮಾತ್ರ ನಾನು ಹುಟ್ಟಿದಾಗಿನದೇ. ಒಂದು ಕೂಸಿಗೆಂದು ಕಾಸಿದ ಹಾಲು ನಾಲ್ಕಕ್ಕೆ ಸಾಕಾದೀತೇ? ಬಿಸಿಯೇರಿ ಗುರ್ ಎನ್ನುತ್ತಿದ್ದೆ. ಅವನು ತಲೆಗೊಂದು ಗುದ್ದು ಕೊಟ್ಟು ಸುಮ್ಮನಾಗುತ್ತಿದ್ದ.

ಒಂದು ಮಧ್ಯಾಹ್ನ ಸವೆದ ಚಪ್ಪಲಿಯ ಎರಡು ಕಾಲು ಬಂದು ನಿಂತವು. ಸುವರ್ಣಾ. ಅವಳ ಮದುವೆಯೂ ನನ್ನೊಳಗಿತ್ತು.

“ಗದಿಗೆಪ್ಪಣ್ಣ, ನಾನೂ ಅವ್ರೂ ಬ್ಯಾರೆ ಆದ್ವಿ. ಕಾಪಿ ಅವರ ಮನ್ಯಾಗ ಉಳೀತು, ಕೊಡವಲ್ರು. ಅದ್ರಾಗ ನಮ್ಮಪ್ಪ ಊಟಕ್ಕ ಬಡಸೂದೈತಲ್ಲ, ಅಷ್ಟ ಕೊಡ್ರಿ. ಅಪ್ಪ ಹೋದ ಮ್ಯಾಲ ಅವನ ದನಿ ಮತ್ತೆಲ್ಲೂ ಇಲ್ಲ. ಉಳಿದದ್ದು ಅಳಿಸಿಬಿಡ್ರಿ.”

“ಅಳಸೂದಾ? ಬಿಡ್ತು ಅನ್ನು ತಂಗಿ,” ಎನ್ನುತ್ತ ಗದಿಗೆಪ್ಪ ನನ್ನ ಗುಂಡಿ ಒತ್ತಿದ.

ನಾಲ್ಕೂ ಡಿಸ್ಕುಗಳು ಒಮ್ಮೆಲೇ ತಿರುಗಲು ಹೊರಟವು. ನನ್ನ ಕೈಲಾಗಲಿಲ್ಲ, ಆರಿಹೋದೆ. ಮತ್ತೆ ಒತ್ತಿದ, ಮತ್ತೆ ಆರಿದೆ. “ಇದರ ಮನಿ ಹಾಳಾಗ!” ಎಂದು ಒದ್ದ. ಹೊರೆ ಇಳಿಸೋ ಮಾರಾಯ ಎಂದು ಕೂಗಬೇಕೆನಿಸಿತು. ಡಬ್ಬಕ್ಕೆ ಬಾಯಿ ಎಲ್ಲಿದೆ? ಆ ತಂದೆಯ ದನಿ ನನ್ನೊಳಗೇ ಇದೆ, ಕೊಡಲಾಗುತ್ತಿಲ್ಲ. ಅಂಥ ಸಂಕಟ ನನಗೆ ಎಂದೂ ಆಗಿರಲಿಲ್ಲ.

ಸುವರ್ಣಾ ನೆಲಕ್ಕೆ ಕುಳಿತು ನನ್ನ ಮೈ ಮುಟ್ಟಿದಳು. ಮೊದಲ ಸಲ ಗಿರಾಕಿಯೊಬ್ಬರ ಮುಖ ನೋಡಿದೆ.

“ಜ್ವರ ಬಂದಂಗ ಸುಡಾಕತ್ತೇತಿ. ಇಷ್ಟೆಲ್ಲಾ ಒಮ್ಮೆಲೆ ಹೊರಿಸಿದ್ರ ಹೆಂಗ್ರಿ? ಬ್ಯಾಡಾದವ ತಗೀರಿ.”

ಗದಿಗೆಪ್ಪ ಗೊಣಗುತ್ತಲೇ ನನ್ನ ಮೊದಲ ಡಿಸ್ಕನ್ನೂ ಅವಳ ಮದುವೆ ಇದ್ದುದನ್ನೂ ಬಿಟ್ಟು ಉಳಿದೆರಡರ ವೈರು ಕಿತ್ತ. ನಾನು ಹಗುರಾಗಿ ಎದ್ದೆ. ಮೇಲೆ ಪರದೆಯಲ್ಲಿ ಏನು ಕಂಡಿತೋ, ನನಗೆ ದನಿ ಮಾತ್ರ ಕೇಳಿತು: “ಯಾರ್ರೀ ಅಲ್ಲಿ, ನನ್ನ ಮಗಳಿಗೆ ಇನ್ನೊಂದು ಹೋಳಿಗಿ ಹಾಕ್ರಿ! ನಾಳಿಂದ ಯಾರು ಕೇಳ್ತಾರೋ ಏನೋ.” ಸುವರ್ಣಾಳ ಕಾಲ್ಬೆರಳುಗಳು ಚಪ್ಪಲಿಯೊಳಗೆ ಮುದುಡಿದವು.

ಆ ತುಣುಕನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು, “ಈಗ ಅಳಸ್ರಿ,” ಎಂದಳು.

“ಕೇಡಾಗ್ತೈತಿ ತಂಗಿ.”

“ಆಗೂ ಕೇಡು ಆಗಿಹೋತು ಅಣ್ಣ. ನೀವೇನು ಅಳಿಸಿದ್ದಿಲ್ಲಲ್ಲ.”

ಗದಿಗೆಪ್ಪ ಚಪ್ಪಲಿ ಕಳಚಿಟ್ಟು ಕುರ್ಚಿ ಮುಂದಕ್ಕೆ ಎಳೆದುಕೊಂಡ. ಆಮೇಲೆ ಅಳಿಸಿದ.

ಈಗ ನನ್ನ ಡಿಸ್ಕುಗಳೆಲ್ಲ ಹೊಸ ಡಬ್ಬಕ್ಕೆ ಹೋಗಿವೆ. ಅಲ್ಲೂ ಹೂವಿನ ದಾರವೇ. ಬುದ್ಧಿ ಎಲ್ಲಿಂದ ಬರಬೇಕು? ಆದರೆ ಮದುವೆ ಅಳಿಸಿರೆಂದು ಯಾರಾದರೂ ಬಂದರೆ ಅವನು ಬಿಡ್ತು ಅನ್ನು ಎನ್ನುವುದಿಲ್ಲ. “ಅದ್ರಾಗ ನಿಮಗ ಬೇಕಾದವ್ರು ಯಾರರ ಅದಾರೇನು, ಮೊದಲ ನೋಡ್ರಿ,” ಎಂದು ಮೂಲೆಯಲ್ಲಿ ಅಡ್ಡ ಬಿದ್ದಿರುವ ನನ್ನನ್ನೇ ಎಳೆದು, ಅವರನ್ನು ನನ್ನ ಮೇಲೆ ಕೂರಿಸುತ್ತಾನೆ. ಈ ಭಾರಕ್ಕೆ ನಾನು ಗುರ್ ಎನ್ನುವುದಿಲ್ಲ.