ನಡುಗೆರೆ

"ತಲೆ ಕಡೆ ತಗ್ಗಿಸ್ಬೇಡ್ರೋ! ನಿಧಾನ, ನಿಧಾನ!" ಎಂದು ಮರಿಯಣ್ಣ ಕೂಗುತ್ತಿದ್ದಂತೆ ಚಟ್ಟ ಹೊತ್ತ ಹುಡುಗರು ಮಾವಳ್ಳಿಯ ಗಲ್ಲಿ ತಿರುವಿನಲ್ಲಿ ತಡವರಿಸಿ ನಿಂತರು. ಎದುರಿಗೆ ನೀರಿನ ಟ್ಯಾಂಕರೊಂದು ದಾರಿಗೆ ಅಡ್ಡವಾಗಿತ್ತು. ತಮಟೆಯವರು ಮಾತ್ರ ನಿಲ್ಲಿಸಲಿಲ್ಲ. ಮುಂದೆ ಮಡಕೆ ಹಿಡಿದಿದ್ದ ಸುಮನ್‌ನ ಜೇಬಿನಲ್ಲಿ ಫೋನು ಗುರ್ ಎಂದಿತು. ತೆಗೆದು ನೋಡದಿದ್ದರೂ ಯಾರೆಂದು ಅವನಿಗೆ ಗೊತ್ತಿತ್ತು.

ಚಟ್ಟದ ಮೇಲಿದ್ದವನು ಅವನ ತಾತ ಓಬಳಪ್ಪ. ಗಂಡುಮಕ್ಕಳಿಲ್ಲದ್ದರಿಂದ ಮಡಕೆ ಮಗಳ ಮಗನ ಕೈಗೆ ಬಂದಿತ್ತು. ಫೋನು ಮಾಡುತ್ತಿದ್ದವರು ಕಬಡ್ಡಿ ಲೀಗಿನ ಒಂದು ತಂಡದ ಮ್ಯಾನೇಜರು. ಸಹಿ ಹಾಕಿದರೆ ಎರಡು ವರ್ಷ ಬೇರೆ ಊರಿನ ಕ್ಯಾಂಪಿನಲ್ಲೇ ಇರಬೇಕು. ಇನ್ನೊಂದು ಕಡೆ ಫಿಸಿಯೋಥೆರಪಿ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಎರಡು ಕಡೆಗೂ ಇವತ್ತು ಸಂಜೆಯೊಳಗೆ ಉತ್ತರ ಕೊಡಬೇಕಿತ್ತು. ಭಾನುವಾರ ಬೆಳಿಗ್ಗೆ ಹೇಳುತ್ತೇನೆ ಎಂದಿದ್ದ ತಾತ ಶನಿವಾರ ಸಂಜೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ.

"ಮೈದಾನದ ಒಳಗಿಂದ ಹೋಗೋಣ," ಎಂದ ಮರಿಯಣ್ಣ. ಅವನೂ ಓಬಳಪ್ಪನೂ ಒಂದೇ ತಂಡದಲ್ಲಿ ಆಡಿದವರು. "ಹೆಂಗೂ ಅರ್ಧ ದಾರೀಲಿ ಇಳಿಸ್ಬೇಕಲ್ಲ, ಅಲ್ಲೇ ಇಳಿಸಿದ್ರಾಯ್ತು."

ನಡೆಯುತ್ತಲೇ ಅವನು ಸುಮನ್‌ನ ಕಿವಿಯ ಹತ್ತಿರ ಬಾಗಿದ. "ಟೀಮಿಗೆ ಹೋಗಪ್ಪ. ನಿಮ್ ತಾತ ನನ್ ಹತ್ರ ಬಾಯ್ಬಿಟ್ಟು ಹೇಳಿದಾನೆ."

ಸುಮನ್ ಸುಮ್ಮನೆ ತಲೆಯಾಡಿಸಿದ. ಬೆಳಿಗ್ಗೆ ಹೆಣದ ಪಕ್ಕದಲ್ಲೇ ಅಜ್ಜಿ ಅಂಜಿನಮ್ಮ ಅವನ ಕೈಹಿಡಿದು, "ಓದ್ಲಿ ಅಂದಿದ್ರು ಕಣೋ, ನನ್ ಹತ್ರ ಹೇಳಿದ್ರು," ಎಂದು ಅತ್ತಿದ್ದಳು. ಸತ್ತವನಿಗೆ ಎರಡು ನಾಲಗೆ. ನಿನಗೇನು ಬೇಕು ಎಂದು ಮಾತ್ರ ಯಾರೂ ಕೇಳಿರಲಿಲ್ಲ.

*

ಹೋದ ವಾರವೂ ಸುಮನ್ ತಾತನನ್ನು ಕೇಳಿದ್ದ. ಓಬಳಪ್ಪ ಎಡಗಾಲನ್ನು ತುದಿಬೆರಳ ಮೇಲಷ್ಟೇ ಊರುತ್ತಾ ಮೈದಾನದ ಕಬಡ್ಡಿ ಅಂಕಣಕ್ಕೆ ನೀರು ಹಾಕುತ್ತಿದ್ದ. ಇಪ್ಪತ್ತನೇ ವಯಸ್ಸಿಗೆ ಕಾಲೇಜು ಬಿಟ್ಟು, ಆಟದ ಕೋಟಾದಲ್ಲಿ ಸರ್ಕಾರಿ ಕಚೇರಿ ಸೇರಿದವನು. ಮಂಡಿ ಬಲುಬೇಗ ಹೋಯಿತು. ಆಮೇಲೆ ರಿಟೈರಾಗುವ ತನಕ ಫೈಲು ಹೊತ್ತ. ಸಂಜೆಯಾದರೆ ಮಾತ್ರ ಈ ಮಣ್ಣಿಗೆ ಅವನೇ ದೊರೆ.

"ತಾತ, ಏನ್ ಮಾಡ್ಲಿ ಹೇಳು."

"ಭಾನುವಾರ ಹೇಳ್ತೀನಿ."

"ಹೋದ ಭಾನುವಾರಾನೂ ಇದನ್ನೇ ಅಂದೆ."

ಓಬಳಪ್ಪ ಪೈಪನ್ನು ಚಕ್ಕುಲಿಯ ಹಾಗೆ ಸುತ್ತಿಟ್ಟ. "ನೀನ್ ಹೋಗ್ಬಿಟ್ರೆ ಸಂಜೆ ಹೊತ್ತು ನನ್ನೆದುರು ಯಾರೋ ನಿಂತ್ಕೋತಾರೆ?" ಎಂದು ನಕ್ಕ. ಕಣ್ಣು ನಗಲಿಲ್ಲ. ಆಮೇಲೆ ಎದುರು ಅಂಕಣದ ಒಳಗೆ ಹೋಗಿ, ಇವನ ಕಡೆ ಮುಖ ಮಾಡಿ, ಅಂಗೈ ಚಾಚಿ ನಿಂತ. ಎಳೆ ವಯಸ್ಸಿನಿಂದ ಅವನು ಕಲಿಸುತ್ತಿದ್ದುದೇ ಹಾಗೆ. "ಬಾ. ಮುಟ್ಟು. ವಾಪಸ್ ಹೋಗಿ ಗೆರೆ ಮುಟ್ಟು. ಗೆರೆ ಮುಟ್ಟಿದೋನಿಗೆ ಸಾವಿಲ್ಲ."

*

ಅಂಕಣದ ನಟ್ಟನಡುವೆ ಚಟ್ಟ ಇಳಿಸಿದರು. ಸರಿಯಾಗಿ ಸುಣ್ಣದ ನಡುಗೆರೆಯ ಪಕ್ಕಕ್ಕೆ. ಪದ್ಧತಿ ಬಲ್ಲ ನೆರೆಮನೆಯ ಮುನಿಲಕ್ಷ್ಮಮ್ಮ ಅಲ್ಲಿವರೆಗೂ ಜೊತೆಗೆ ಬಂದಿದ್ದಳು. "ಕಿವೀಲಿ ಮೂರು ಸಲ ಹೆಸರು ಕರಿ, ಮಗಾ. ಆಮೇಲೆ ಚಟ್ಟ ತಿರುಗಿಸಿ ಎತ್ತಬೇಕು. ಇಲ್ದಿದ್ರೆ ಹೋದೋರಿಗೆ ಮನೆ ದಾರಿ ನೆನಪಿರುತ್ತೆ."

ತಮಟೆ ನಿಂತಿತು. ಸುಮನ್ ಮಂಡಿಯೂರಿದ. "ಓಬಳಪ್ಪಾ," ಎಂದ. "ಓಬಳಪ್ಪಾ." ಮೂರನೆಯ ಸಲಕ್ಕೆ ಬಾಯಿಗೆ ಹೆಸರು ಬರಲಿಲ್ಲ. "ತಾತ, ಏನ್ ಮಾಡ್ಲಿ?"

ಆಗಲೇ ಹೂವಿನ ಹಾರ ಜರುಗಿ ಓಬಳಪ್ಪನ ಬಲಗೈ ಬಟ್ಟೆಯಿಂದ ಈಚೆ ಜಾರಿತು. ನಡುಬೆರಳು ಸುಣ್ಣದ ಗೆರೆಗೆ ತಾಗಿತು.

"ಮುಟ್ದ!" ಎಂದು ಮರಿಯಣ್ಣ ಕಿರುಚಿದ. ಆಯುಷ್ಯವೆಲ್ಲ ಕಿರುಚಿದ ಅಭ್ಯಾಸ. ಓಬಳಪ್ಪನಿಂದ ಆಟ ಕಲಿತ ಹುಡುಗರೂ ಅಷ್ಟೇ, ಯೋಚನೆಯೇ ಇಲ್ಲದೆ ಹೋ ಎಂದು ತೊಡೆ ತಟ್ಟಿಬಿಟ್ಟರು. ಮರುಕ್ಷಣ ಎಲ್ಲರಿಗೂ ನಾಚಿಕೆಯಾಯಿತು. ಒಬ್ಬ ಅಳತೊಡಗಿದ. ಕೈಯನ್ನು ಬಟ್ಟೆಯೊಳಗೆ ಸೇರಿಸಿ ಗಡಿಬಿಡಿಯಲ್ಲಿ ಚಟ್ಟ ಎತ್ತಿದರು.

ಗೇಟು ದಾಟಿದ ಮೇಲೆ ಮುನಿಲಕ್ಷ್ಮಮ್ಮ ಎದೆಗೆ ಕೈಯಿಟ್ಟುಕೊಂಡಳು. "ಅಯ್ಯೋ, ತಿರುಗಿಸ್ಲೇ ಇಲ್ವಲ್ರೋ!"

ಯಾರೂ ನಿಲ್ಲಲಿಲ್ಲ. ಚಟ್ಟ ಹಗುರಾಗಿದೆ ಎಂದು ಹುಡುಗರು ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಿದ್ದರು.

*

ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನ ಮಾಡಿದರು. ಬಾಗಿಲಲ್ಲಿ ದೀಪವಿಟ್ಟಿದ್ದ ಅಂಜಿನಮ್ಮ, "ಫೋನ್ ಬಂತೇನೋ?" ಎಂದಳು. "ಈಗ್ ಬರ್ತೀನಿ ಅಜ್ಜಿ," ಎಂದು ಸುಮನ್ ಹೊರಟ. ಕಾಲುಗಳು ತಾವಾಗಿ ಮೈದಾನಕ್ಕೆ ಕರೆದೊಯ್ದವು.

ಮಧ್ಯಾಹ್ನ ಅಷ್ಟು ಜನ ತುಳಿದು, ಹೂವು ಚೆಲ್ಲಿ ಹೋದ ಅಂಕಣ ಗುಡಿಸಿದ ಹಾಗಿತ್ತು. ನೆಲ ಒದ್ದೆಯಾಗಿತ್ತು. ಮೂಲೆಯಲ್ಲಿ ನೀರಿನ ಪೈಪು ಚಕ್ಕುಲಿಯಂತೆ ಸುತ್ತಿಕೊಂಡಿತ್ತು. ಗುಡಿಸುವವರು ಯಾರಿದ್ದಾರೆ? ತಂಡದ ಹುಡುಗರೆಲ್ಲ ಸಾವಿನ ಮನೆಯಲ್ಲೇ ಇದ್ದರು.

ಎದುರು ಅಂಕಣದ ಒದ್ದೆ ಮಣ್ಣಿನಲ್ಲಿ ಒಂದು ಜೊತೆ ಹೆಜ್ಜೆ ಮೂಡಿತ್ತು. ಬಂದ ಗುರುತಿಲ್ಲ, ಹೋದ ಗುರುತಿಲ್ಲ. ಬಲಗಾಲಿನದು ಪೂರ್ತಿ, ಎಡಗಾಲಿನದು ಬೆರಳಷ್ಟೇ. ಬೆರಳುಗಳು ಇವನ ಕಡೆಗಿದ್ದವು.

ಬಾ. ಮುಟ್ಟು.

ಸುಮನ್‌ನ ಬಲಗಾಲು ಗೆರೆಯ ಹತ್ತಿರ ಬಂತು. ಎಲ್ಲಿಂದಲೋ ಸಣ್ಣಗೆ, ಉಸಿರು ಬಿಡದೆ, ಕಬಡ್ಡಿ ಕಬಡ್ಡಿ ಕಬಡ್ಡಿ ಎಂಬ ಗುನುಗು ಕೇಳುತ್ತಿತ್ತು. ಬೇರೆಯವರದೋ ತನ್ನ ಬಾಯಿಯದೋ ತಿಳಿಯಲಿಲ್ಲ. ಟೀಮಿಗೂ ಅಲ್ಲ, ಕಾಲೇಜಿಗೂ ಅಲ್ಲ. ತಾತನಿಗೆ ಬೇಕಾಗಿದ್ದದ್ದು ತಾನು ಇಲ್ಲೇ, ಪ್ರತಿ ಸಂಜೆ, ಹೀಗೇ ಎದುರು ನಿಲ್ಲುವುದು. ಅದು ಈಗ ಅವನಿಗೆ ಸ್ಪಷ್ಟವಾಯಿತು. ಪ್ರೀತಿ ಉಕ್ಕಿತು. ಅಷ್ಟೇ ಹೆದರಿಕೆಯೂ ಆಯಿತು.

ಫೋನು ಗುರ್ ಎಂದಿತು. ಅವನು ಕಿವಿಗಿಟ್ಟುಕೊಂಡ.

"ಏನಪ್ಪಾ ಸುಮನ್, ಏನ್ ಡಿಸೈಡ್ ಮಾಡ್ದೆ? ಇನ್ನು ಕಾಯಕ್ಕಾಗಲ್ಲ."

"ಒಂದ್ನಿಮಿಷ ಸರ್."

ಅವನು ಚಪ್ಪಲಿ ಬಿಟ್ಟ. ಈ ತುದಿಯಿಂದ ಆ ತುದಿಯವರೆಗೆ ನಡುಗೆರೆಯನ್ನು ಅಂಗಾಲಿನಿಂದ ಉಜ್ಜುತ್ತಾ ಹೋದ. ಸುಣ್ಣ ಕೆಸರಲ್ಲಿ ಕಲಸಿ ಮಾಯವಾಯಿತು. ಕಣ್ಣೀರು ಧಾರಾಕಾರವಾಗಿ ಇಳಿಯಿತು. "ಸಾಕು ತಾತ, ಹೋಗು. ಮಂಡಿ ಹೋದೋರ್ನ ಮತ್ತೆ ನಿಲ್ಲಿಸೋದು ಕಲೀಬೇಕು ನಾನು," ಎಂದ. ಗುನುಗು ನಿಂತಿತು.

"ಸರ್, ನಾನ್ ಬರಲ್ಲ. ಓದ್ತೀನಿ."

ಆ ಕಡೆಯವರು ಏನೋ ಹೇಳುತ್ತಲೇ ಇದ್ದರು. ಸುಮನ್ ತಲೆಯೆತ್ತಿ ನೋಡಿದ. ಹೆಜ್ಜೆಗಳು ಅಲ್ಲೇ ಇದ್ದವು, ಒಂದು ಪೂರ್ತಿ, ಒಂದು ಬೆರಳಷ್ಟೇ. ಬೆರಳುಗಳು ಈಗ ಚಟ್ಟ ಹೋದ ಗೇಟಿನ ಕಡೆ ತಿರುಗಿದ್ದವು.