ಗುರುರಾಜ ಮಾಸ್ತರರ ಸಂಥೆ

"ಮುಂದ ಓದ್ರಿ," ಎಂದರು ಶಾಲಾ ತಪಾಸಣೆಯ ಲತೀಫಾ ಬೇಗಂ.

ಭಾಮಾ ಓದಲಿಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಮುಂದಿನ ಶಬ್ದ ಚಾಕು ಎಂಬರ್ಥದ್ದು, ಮೊದಲಲ್ಲೇ ಕೆ ಅಕ್ಷರ. ಹಿಂದಿನ ಬೆಂಚಿನ ಮೇಲೆ ಅಪ್ಪ, ಗುರುರಾಜ ಮಾಸ್ತರರು, ಕೊಡೆ ಹಿಡಿದು ಕೂತಿದ್ದರು.

ಮಾಸ್ತರರು ಸೇಡಂನಲ್ಲಿ ಕೂತು ಪುಸ್ತಕದಿಂದಲೇ ಇಂಗ್ಲಿಷ್ ಕಲಿತವರು. ಆ ಭಾಷೆ ಆಡುವವರ ಮಾತು ಅವರ ಕಿವಿಗೆ ಬಿದ್ದೇ ಇರಲಿಲ್ಲ. ಮಗಳಿಗೂ ಮಂತ್ರದ ಹಾಗೆಯೇ ಸಂಥೆ ಹೇಳಿದ್ದರು: ಗುರು ಒಂದು ಸಲ, ಶಿಷ್ಯ ಎರಡು ಸಲ. ಬರೆದ ಅಕ್ಷರ ನುಂಗುವುದು ದೋಷವೆಂದು ಕ್ನೈಫ್, ವಾಲ್ಕ್, ಲಿಸ್ಟೆನ್ ಎಂದು ಒಂದಕ್ಷರ ಬಿಡದೆ ಹೇಳಿಸಿದ್ದರು. ದೇವರಿಗೆ ಅರ್ಥವಾಗುತ್ತಿತ್ತೇನೋ, ದೊರೆಗಳಿಗಂತೂ ಆಗುತ್ತಿರಲಿಲ್ಲ.

ಸರಿಯಾದದ್ದು ಭಾಮಾಗೆ ಗೊತ್ತಿತ್ತು. ಹಿತ್ತಲ ಗೋಡೆಯಾಚೆಯ ಸೈದಾನಬಿ ಶಹಾಬಾದಿನ ದೊರೆಯ ಬಂಗಲೆಯಲ್ಲಿ ಹತ್ತು ವರ್ಷ ಆಯಾ ಆಗಿದ್ದವಳು. ಬಾವಿಕಟ್ಟೆಯಲ್ಲಿ ಅವಳಿಂದ ಕದ್ದು ಕಲಿತದ್ದು. ಆದರೆ ಗುರುವಿನ ಸಂಥೆಯನ್ನು ಗುರುವಿನ ಎದುರೇ ತಿದ್ದುವುದುಂಟೆ?

ತಿದ್ದದಿದ್ದರೆ ಚಿತ್ತಾಪುರದ ಈ ಹೆಣ್ಣುಮಕ್ಕಳ ಶಾಲೆಯ ನೌಕರಿ ಸಿಗದು. ಗಂಡ ಸತ್ತು ವರ್ಷವಾಯಿತು. ಸೋಮವಾರ ತೆಂಗಳಿಯಿಂದ ಮೈದುನ ಬಂದು ಕರೆದೊಯ್ಯುತ್ತಾನೆ, ತಲೆ ಬೋಳಿಸಿ ಅಡುಗೆಮನೆಯಲ್ಲಿ ಕೂರಿಸುತ್ತಾರೆ. ಭಾಮಾ ಸೆರಗಿನೊಳಗಿನ ಜಡೆ ಮುಟ್ಟಿಕೊಂಡಳು.

"ನೈಫ್," ಎಂದಳು.

ಹಿಂದೆ ಕೊಡೆ ನೆಲಕ್ಕೆ ಬಿತ್ತು. ಅವಳು ತಿರುಗಿ ನೋಡದೆ ಪುಟ ಮುಗಿಸಿದಳು.

"ಭಾಳ ಛಲೋ ಓದ್ತೀರಿ. ಯಾರ್ ಕಲಿಸ್ಯಾರ್ರಿ?"

"ನಮ್ಮಪ್ಪಾರು."

"ಇಲ್ರಿ ಬೇಗಂಸಾಹೇಬ್." ಮಾಸ್ತರರು ಎದ್ದು ನಿಂತಿದ್ದರು. "ನಾ ಹಿಂಗ ಕಲಿಸಿಲ್ರಿ."

ಬೇಗಂ ಇಬ್ಬರನ್ನೂ ನೋಡಿ, ಕಾಗದದ ಮೇಲೆ ಎರಡು ಸಾಲು ಗೀಚಿ ಸಹಿ ಹಾಕಿದರು. "ಸೋಮವಾರ ಬಂದು ಹಾಜರಾಗ್ರಿ ಬಾಯಿ."

ಇಬ್ಬರೂ ಸ್ಟೇಷನ್ನಿಗೆ ನಡೆದರು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಮಾಸ್ತರರು ಕೇಳಿದರು.

"ಯಾರು?"

"ಸೈದಾನಬಿ."

"ಆಕಿಗಿ ಅಕ್ಷರಾನೇ ಬರಂಗಿಲ್ಲಲ್ಲ!"

"ಕೇಳಿ ಕಲ್ತಾಳ ಅಪ್ಪಾ. ನಿಮ್ಗ ಹ್ಯಾಂಗ ಹೇಳ್ಬೇಕಂತ ತಿಳೀಲಿಲ್ಲ."

ಮಾಸ್ತರರ ಮುಖ ಸಣ್ಣದಾಗಿತ್ತು. ಇಪ್ಪತ್ತು ವರ್ಷದಿಂದ ಓದಿಸಿ ಕಳಿಸಿದವರೆಲ್ಲ ಕಣ್ಣ ಮುಂದೆ ಬಂದಿರಬೇಕು. ಗಾಡಿ ಬರಲು ಇನ್ನೂ ಹೊತ್ತಿತ್ತು. ಅವರು ಚೀಲದಿಂದ ಪುಸ್ತಕ ತೆಗೆದು ಅದೇ ಪುಟ ಹುಡುಕಿ, ಅದೇ ಶಬ್ದದ ಮೇಲೆ ಬೆರಳಿಟ್ಟರು.

"ಅನ್ನು."

ಭಾಮಾ ಒಂದು ಸಲ ಹೇಳಿದಳು.

ಮಾಸ್ತರರು ಬಗ್ಗಿ ಕಾಲಿನ ಚಪ್ಪಲಿ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ನೆಟ್ಟಗೆ ಕೂತು ಎರಡು ಸಲ ಹೇಳಿದರು.